ಕೀಶ್ ಲೊರೇನ್‌ಗೆ ಚೀಸ್ ಹಾಕಬೇಡಿ, ಹಾಕಿದರೆ ಹೆಸರು ಬದಲಿಸಿ

ಮೊದಲಿಗೇ ಹೇಳಿಬಿಡ್ತೀವಿ: ಕೀಶ್ ಲೊರೇನ್‌ನಲ್ಲಿ ಚೀಸ್ ಇರೋದಿಲ್ಲ. ಈರುಳ್ಳಿಯೂ ಇರೋದಿಲ್ಲ. ಪಾಲಕ್, ಅಣಬೆ, ಸ್ವೀಟ್ ಕಾರ್ನ್ ಅಂತೂ ದೂರದ ಮಾತು. ಯಾವುದೋ ಕೆಫೆಯ ಗಾಜಿನ ಕಪಾಟಿನಲ್ಲಿ, ಮೇಲೆಲ್ಲ ಚೀಸ್ ಕರಗಿ ಕೆಂಪಗಾದ, ಒಳಗೆ ಪಾಲಕ್ ತುಂಬಿದ ತುಂಡೊಂದರ ಪಕ್ಕ ‘ಕೀಶ್ ಲೊರೇನ್’ ಅನ್ನೋ ಚೀಟಿ ಕಂಡರೆ, ತುಂಡು ಚೆನ್ನಾಗೇ ಇರಬಹುದು, ಚೀಟಿ ಮಾತ್ರ ಸುಳ್ಳು. ನಮ್ಮ ತಕರಾರು ಚೀಟಿಯ ಜೊತೆ, ತುಂಡಿನ ಜೊತೆ ಅಲ್ಲ.

ಇದೇನಪ್ಪಾ ಅಂತ ಕೇಳೋರಿಗೆ ಸ್ವಲ್ಪ ಪರಿಚಯ. ಇಂಗ್ಲಿಷ್ ಅಕ್ಷರ ನೋಡಿ ‘ಕ್ವಿಚ್’ ಅಂತ ಓದಿಬಿಡೋದು ಸುಲಭ, ಆದ್ರೆ ಫ್ರೆಂಚರ ಬಾಯಲ್ಲಿ ಅದು ‘ಕೀಶ್’. ಬೆಣ್ಣೆ ಬೆರೆಸಿದ ಹಿಟ್ಟನ್ನು ಲಟ್ಟಿಸಿ, ಅಂಚಿರುವ ಅಗಲ ತಟ್ಟೆಗೆ ಹಾಸಿ, ಅದರೊಳಗೆ ಮೊಟ್ಟೆ ಮತ್ತು ಕೆನೆ ಕಲಸಿ ಸುರಿದು, ಹೊಗೆ ಹಾಕಿದ ಹಂದಿಮಾಂಸದ ಸಣ್ಣ ಚೂರುಗಳನ್ನು ಹರಡಿ ಓವನ್‌ನಲ್ಲಿ ಬೇಯಿಸಿದ ಟಾರ್ಟ್ ಅದು. ಸಿಹಿ ಅಲ್ಲ, ಖಾರವೂ ಅಲ್ಲ. ಉಪ್ಪು, ಹೊಗೆ, ಕೆನೆ, ಇಷ್ಟೇ ರುಚಿ. ಲೊರೇನ್ ಅನ್ನೋದು ಫ್ರಾನ್ಸಿನ ಈಶಾನ್ಯ ಮೂಲೆಯ ಸೀಮೆ.

ಇಂಟರ್ನಲ್ಸ್ ತಲೆ ಮೇಲಿರುವಾಗ ಫ್ರಾನ್ಸಿನ ತಿಂಡಿಯ ಪುರಾಣ ಯಾಕೆ ಅಂತೀರಾ? ಕಾರಣ ಇದೆ. ಪ್ರೋಗ್ರಾಮರ್‌ಗಳ ಇತಿಹಾಸದಲ್ಲಿ ಈ ತಿಂಡಿಯ ಹೆಸರು ಒಂದು ಬೈಗುಳವಾಗಿ ದಾಖಲಾಗಿದೆ. ಆ ಕಥೆಗೆ ಆಮೇಲೆ ಬರ್ತೀವಿ. ಅದಕ್ಕೂ ಮುಂಚೆ ‘ಅಸಲಿ ಯಾವುದು’ ಅನ್ನೋ ಪ್ರಶ್ನೆಯನ್ನು ಒಮ್ಮೆ ಸರಿಯಾಗಿ ನೋಡಬೇಕು. ಯಾಕಂದ್ರೆ ಈ ತಿಂಡಿಯ ವಿಷಯದಲ್ಲಿ ಆ ಪ್ರಶ್ನೆಗೆ ಇಬ್ಬರೂ ತಪ್ಪು ಉತ್ತರ ಕೊಡ್ತಾರೆ, ಶುದ್ಧತೆಯ ಪಕ್ಷದವರೂ, ‘ಏನಾದ್ರೂ ಹಾಕ್ಕೊಳ್ಳಿ ಬಿಡಿ’ ಪಕ್ಷದವರೂ.

ಮೊದಲು ಹೆಸರು. ‘ಕೀಶ್’ ಹುಟ್ಟಾ ಫ್ರೆಂಚ್ ಪದ ಅಲ್ಲ. ಜರ್ಮನ್ ಭಾಷೆಯಲ್ಲಿ ಕೇಕಿಗೆ ‘ಕೂಖೆನ್’ ಅಂತಾರೆ. ಆ ಪದ ಗಡಿನಾಡಿನ ಆಡುನುಡಿಗಳಲ್ಲಿ ಉರುಳಿ ಸವೆದು ‘ಕೀಶ್’ ಆಯ್ತು ಅನ್ನೋದು ಹೆಚ್ಚಿನವರು ಒಪ್ಪುವ ವಿವರಣೆ. ಲೊರೇನ್‌ನ ಆಡುನುಡಿಯಲ್ಲಿ ಈ ಪದ 1605ರಲ್ಲೇ ಸಿಗುತ್ತೆ, ಫ್ರೆಂಚ್ ಭಾಷೆಯಲ್ಲಿ ಕಾಣಿಸಿಕೊಂಡದ್ದು 1805ರಲ್ಲಿ. ಇನ್ನೂರು ವರ್ಷ ಗಡಿ ದಾಟೋಕೆ! ಇಂಗ್ಲಿಷಿಗೆ ಬಂದದ್ದಂತೂ 1925ರಲ್ಲಿ. ಅಂದ್ರೆ ಇಡೀ ಜಗತ್ತು ‘ಕ್ಲಾಸಿಕ್ ಫ್ರೆಂಚ್’ ಅಂತ ಹೊಗಳುವ ತಿಂಡಿಯ ಹೆಸರು ಜರ್ಮನ್ ಬೇರಿನದು, ಬೆಳೆದದ್ದು ಫ್ರೆಂಚೂ ಜರ್ಮನ್ನೂ ಅಕ್ಕಪಕ್ಕ ಬದುಕಿದ ನೆಲದಲ್ಲಿ.

ಹಾಗಾದ್ರೆ ಕೀಶ್ ಜರ್ಮನ್ನರದೋ ಫ್ರೆಂಚರದೋ? ಈ ಪ್ರಶ್ನೆ ಕೇಳೋರು 1605ರ ನಕಾಶೆ ನೋಡಿಲ್ಲ. ಆಗ ಲೊರೇನ್ ತನ್ನದೇ ಡ್ಯೂಕ್ ಇದ್ದ ಬೇರೆ ಸಂಸ್ಥಾನ. ಫ್ರಾನ್ಸಿನ ರಾಜ ಅದನ್ನು ಆಳ್ತಿರಲಿಲ್ಲ. ಆಳ್ತಿದ್ದವನು ಡ್ಯೂಕ್ ಮೂರನೇ ಚಾರ್ಲ್ಸ್, ರಾಜಧಾನಿ ನಾನ್ಸಿ. ಕೊನೆಯ ಡ್ಯೂಕ್ ಸ್ಟಾನಿಸ್ಲಾಸ್ ಪೋಲೆಂಡಿನಲ್ಲಿ ಸಿಂಹಾಸನ ಕಳಕೊಂಡು ಬಂದವನು. ಫ್ರಾನ್ಸಿನ ರಾಜ ಹದಿನೈದನೇ ಲೂಯಿ ಅವನ ಅಳಿಯ. ಮಾವನಿಗೆ ಇರೋಕೊಂದು ರಾಜ್ಯ ಬೇಕಲ್ಲ, 1737ರಲ್ಲಿ ಲೊರೇನ್ ಕೊಟ್ಟರು, ಅವನು ಸತ್ತಮೇಲೆ ಅದು ಫ್ರಾನ್ಸಿಗೆ ಸೇರಬೇಕು ಅನ್ನೋ ಕರಾರಿನ ಮೇಲೆ. 1766ರಲ್ಲಿ ಅವನು ತೀರಿಕೊಂಡ, ಲೊರೇನ್ ಫ್ರಾನ್ಸ್ ಆಯ್ತು. ಅಷ್ಟೊತ್ತಿಗೆ ಕೀಶ್‌ಗೆ ಕಡಿಮೆ ಅಂದ್ರೂ ನೂರಾ ಅರವತ್ತು ವರ್ಷ.

(ಈ ಸ್ಟಾನಿಸ್ಲಾಸ್‌ನ ಆಸ್ಥಾನದ ಬಗ್ಗೆ ಒಂದು ಮಾತು, ಬಿಟ್ಟರೆ ನಮಗೆ ನಿದ್ದೆ ಬರಲ್ಲ. ನ್ಯೂಟನ್ನನ ‘ಪ್ರಿನ್ಸಿಪಿಯಾ’ವನ್ನು ಫ್ರೆಂಚಿಗೆ ತಂದ ಎಮಿಲಿ ದು ಶಾತ್ಲೆ ಆ ಅನುವಾದ ಮುಗಿಸಿ, 1749ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡದ್ದು ಲೊರೇನ್‌ನ ಲ್ಯುನೆವಿಲ್ ಅರಮನೆಯಲ್ಲಿ. ಫ್ರೆಂಚರು ಇವತ್ತಿಗೂ ಪ್ರಿನ್ಸಿಪಿಯಾ ಓದೋದು ಹೆಚ್ಚಾಗಿ ಆಕೆಯ ಅನುವಾದದಲ್ಲೇ. ಮೆಕ್ಯಾನಿಕ್ಸ್ ಪಠ್ಯಪುಸ್ತಕಗಳಲ್ಲಿ ಆಕೆಗೆ ಒಂದು ಸಾಲೂ ಸಿಗೋದಿಲ್ಲ.)

ಗಡಿಯ ಆಟ ಅಲ್ಲಿಗೇ ಮುಗೀಲಿಲ್ಲ. 1870–71ರ ಯುದ್ಧದಲ್ಲಿ ಫ್ರಾನ್ಸ್ ಸೋತಾಗ ಲೊರೇನ್ ಸೀಳಿಹೋಯ್ತು. ಮೊಜೆಲ್ ಭಾಗ, ಅದರ ದೊಡ್ಡ ಊರು ಮೆಸ್ (ಹೌದು, ಉಚ್ಚಾರ ನಮ್ಮ ಹಾಸ್ಟೆಲ್ ಮೆಸ್ ಥರಾನೇ) ಜರ್ಮನಿಗೆ ಹೋಯ್ತು, ನಾನ್ಸಿ ಫ್ರಾನ್ಸಿನಲ್ಲೇ ಉಳೀತು. ಮೆಟಲರ್ಜಿ ಓದೋರಿಗೆ ಇದರ ಮುಂದಿನ ಭಾಗ ಗೊತ್ತಿರಬಹುದು. ಅಲ್ಲಿನ ಕಬ್ಬಿಣದ ಅದಿರಿನಲ್ಲಿ ರಂಜಕ ಜಾಸ್ತಿ, ಉಕ್ಕಿಗೆ ಲಾಯಕ್ಕಿಲ್ಲ ಅಂತಿದ್ದರು. 1870ರ ದಶಕದ ಕೊನೆಗೆ ಥಾಮಸ್ ಮತ್ತು ಗಿಲ್‌ಕ್ರಿಸ್ಟ್ ಎಂಬ ಇಬ್ಬರು ಕುಲುಮೆಗೆ ಕ್ಷಾರೀಯ ಒಳಪದರ ಹಾಕಿ ರಂಜಕ ತೆಗೆಯೋ ವಿಧಾನ ಕಂಡುಹಿಡಿದ ಮೇಲೆ ಅದೇ ಅದಿರು ಚಿನ್ನದಂಗಾಯ್ತು. 1918ರ ನಂತರ ಮೊಜೆಲ್ ಫ್ರಾನ್ಸಿಗೆ ವಾಪಸ್, 1940ರಲ್ಲಿ ಮತ್ತೆ ಜರ್ಮನಿಗೆ, ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಮತ್ತೆ ಫ್ರಾನ್ಸಿಗೆ. 1870ಕ್ಕಿಂತ ಮುಂಚೆ ಮೆಸ್‌ನಲ್ಲಿ ಹುಟ್ಟಿ ಎಂಬತ್ತು ದಾಟಿದ ಅಜ್ಜಿಯೊಬ್ಬಳು ಮನೆ ಬಿಟ್ಟು ಕದಲದೆ ನಾಲ್ಕು ಸಲ ದೇಶ ಬದಲಿಸಿರ್ತಾಳೆ. ಅಡುಗೆಮನೆ ಅದೇ, ಒಲೆ ಅದೇ. ಅವಳ ಕೀಶ್ ಯಾವ ದೇಶದ್ದು ಅಂತ ಯಾರಿಗೆ ಕೇಳೋದು? ಅದು ಲೊರೇನ್‌ನದು, ಅಷ್ಟೇ. ಅದಕ್ಕೇ ಹೆಸರಿನಲ್ಲಿ ‘ಫ್ರೆಂಚ್’ ಇಲ್ಲ, ‘ಲೊರೇನ್’ ಇದೆ. ಚೀಟಿಯಲ್ಲಿ ಆ ಪದಕ್ಕೆ ಬೆಲೆ ಇರಬೇಕು ಅಂತ ನಾವು ಹಟ ಹಿಡಿಯೋದೂ ಅದಕ್ಕೇ.

ಈಗ ಸಾಮಾನಿನ ಪಟ್ಟಿ. ಹಳೇ ಕೀಶ್‌ನ ತಳ ಇವತ್ತಿನ ಪುಡಿಪುಡಿ ಬೆಣ್ಣೆಹಿಟ್ಟು ಆಗಿರಲಿಲ್ಲ, ಬ್ರೆಡ್ಡಿನ ಹಿಟ್ಟಾಗಿತ್ತು. ಬ್ರೆಡ್ಡಿಗೆ ಅಂತ ನಾದಿದ್ದರಲ್ಲಿ ಒಂದು ಉಂಡೆ ತೆಗೆದು, ತೆಳ್ಳಗೆ ತಟ್ಟಿ, ಮೇಲೆ ಮೊಟ್ಟೆ-ಕೆನೆ ಹಾಕಿ ಬೇಯಿಸಿದರೆ ಊಟವಾಯ್ತು. ನೆರೆಯ ಅಲ್ಸಾಸ್‌ನ ಫ್ಲಾಮ್‌ಕುಶ್ ಇವತ್ತಿಗೂ ಅಂಥದೇ ಬ್ರೆಡ್ ಹಿಟ್ಟಿನ ಮೇಲೆ ಕೆನೆ, ಈರುಳ್ಳಿ, ಹಂದಿಮಾಂಸ ಹರಡಿದ್ದು, ಕೀಶ್‌ನ ದಾಯಾದಿ ಅನ್ನಬಹುದು. ಬೆಣ್ಣೆಹಿಟ್ಟಿನ ತಳ, ಫ್ರೆಂಚರು ‘ಪಾತ್ ಬ್ರಿಜೆ’ ಅನ್ನೋದು, ಆಮೇಲೆ ಬಂತು. ಇವತ್ತು ಅದೇ ರೂಢಿ.

ಹಂದಿಮಾಂಸ ಅಂದ್ರೆ ಹೊಟ್ಟೆಭಾಗದ, ಕೊಬ್ಬು-ಮಾಂಸ ಪದರ ಪದರವಾಗಿರೋ ತುಂಡು. ಉಪ್ಪು ಹಚ್ಚಿ ಹೊಗೆಗೆ ಕಟ್ಟಿದ್ದು. ಫ್ರಿಜ್ ಇಲ್ಲದ ಕಾಲದಲ್ಲಿ ಚಳಿಗಾಲದ ಶುರುವಿನಲ್ಲಿ ಹಂದಿ ಕೊಯ್ದರೆ ವರ್ಷಪೂರ್ತಿ ಉಳಿಸ್ಕೊಳ್ಳೋಕೆ ಇದ್ದ ದಾರಿ ಅದೇ. ಬೆರಳಿನ ಗಾತ್ರಕ್ಕೆ ಕತ್ತರಿಸಿದ ಆ ಚೂರುಗಳಿಗೆ ‘ಲಾರ್ದೋಂ’ ಅಂತ ಹೆಸರು. ಕೆನೆ ‘ಕ್ರೆಮ್ ಫ್ರೆಶ್’, ನಮ್ಮ ಹಾಲಿನ ಮೇಲಿನ ಕೆನೆಯನ್ನು ತುಸು ಹೆಪ್ಪು ಹಾಕಿ ಗಟ್ಟಿ ಮಾಡಿದಂತೆ, ಸಣ್ಣಗೆ ಹುಳಿ. ಮೊಟ್ಟೆ ಮತ್ತು ಕೆನೆ ಕಲಸಿದ ಮಿಶ್ರಣಕ್ಕೆ ಲೊರೇನ್‌ನವರ ಬಾಯಲ್ಲಿ ಬೇರೆಯದೇ ಪದ ಇದೆ, ‘ಮಿಗೇನ್’. ಉಪ್ಪು, ಮೆಣಸಿನಪುಡಿ, ಬೇಕಾದರೆ ಒಂದು ಚಿಟಿಕೆ ಜಾಯಿಕಾಯಿ. ಮುಗೀತು.

ಚೀಸ್ ಯಾಕಿಲ್ಲ? ಬಡವರ ತಿಂಡಿ, ಚೀಸ್‌ಗೆ ದುಡ್ಡಿರಲಿಲ್ಲ ಅಂತ ಹೇಳಿಬಿಡೋದು ಸುಲಭ. ನಾವು ಒಪ್ಪಲ್ಲ. ಲೊರೇನ್‌ನ ದಕ್ಷಿಣದ ವೋಜ್ ಬೆಟ್ಟಗಳು ಮನ್‌ಸ್ಟರ್-ಜೆರೋಮೆ ಅನ್ನೋ ಘಾಟು ಚೀಸ್‌ನ ತವರು. ಚೀಸ್ ಕಾಣದ ಜನ ಅಲ್ಲ ಅವರು. ಕೆನೆ, ಮೊಟ್ಟೆ, ಹೊಗೆಮಾಂಸ ಇದ್ದಮೇಲೆ ಚೀಸ್ ಬೇಕಿಲ್ಲ ಅನ್ನೋದು ಅವರ ತಟ್ಟೆಯ ತೀರ್ಮಾನ. ಆ ತೀರ್ಮಾನ ಎಷ್ಟು ಸರಿ ಅಂತ ತಿಳಿಯೋಕೆ ಓವನ್ ಒಳಗೆ ಇಣುಕಬೇಕು. ಕೆಮಿಕಲ್ ಇಂಜಿನಿಯರಿಂಗ್ ಗೆಳೆಯರೇ, ಮುಂದಿನ ಭಾಗ ನಿಮಗೆ.

ಕೀಶ್‌ನ ಹೂರಣ ಒಂದು ಜೆಲ್. ಮೊಟ್ಟೆಯ ಪ್ರೋಟೀನ್‌ಗಳು ಕಾವು ತಗುಲಿದಾಗ ಮುದುಡಿ ಕೂತಿದ್ದ ದಾರದುಂಡೆ ಬಿಚ್ಚಿಕೊಂಡಂತೆ ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿ ಬಲೆ ಹೆಣೀತವೆ. ನೀರು, ಕೊಬ್ಬು ಆ ಬಲೆಯಲ್ಲಿ ಸಿಕ್ಕಿಕೊಳ್ತವೆ. ಬರೀ ಬಿಳಿಭಾಗ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಗಟ್ಟಿಯಾಗೋಕೆ ಶುರುವಾಗುತ್ತೆ, ಹಳದಿ ಇನ್ನೊಂದೈದು ಡಿಗ್ರಿ ಆಚೆ. ಆದರೆ ಕೆನೆ ಬೆರೆಸಿದಾಗ ಪ್ರೋಟೀನ್‌ಗಳು ಒಂದರಿಂದೊಂದು ದೂರ ಆಗ್ತವೆ, ಸಿಗೋಕೆ ಹೆಚ್ಚು ಓಡಾಡಬೇಕು. ಹಾಗಾಗಿ ಮಿಶ್ರಣ ಗಟ್ಟಿಯಾಗೋದು 80 ಡಿಗ್ರಿ ಆಸುಪಾಸಿನಲ್ಲಿ. ಇನ್ನು ಐದಾರು ಡಿಗ್ರಿ ಮೇಲೆ ಹೋದರೆ ಬಲೆ ಬಿಗಿದು ನೀರನ್ನು ಹಿಂಡಿ ಹೊರಗೆ ಹಾಕುತ್ತೆ, ಮೆತ್ತಗಿರಬೇಕಾದದ್ದು ಒಡೆದ ಹಾಲಿನಂಗೆ ಹರಳು ಹರಳಾಗುತ್ತೆ. ಸಿನೆರೆಸಿಸ್ ಅಂತ ಲ್ಯಾಬಿನಲ್ಲಿ ಬರ್ಕೊಂಡಿದ್ದೀವಲ್ಲ, ಅದೇ. ಮೊಸರು ಕಲಕಿದ ಮೇಲೆ ನೀರು ಬಿಟ್ಟುಕೊಳ್ಳೋದೂ ಅದೇ. ಅಂದ್ರೆ ಇಡೀ ಕೀಶ್ ನಿಂತಿರೋದು ಕೆಲವೇ ಡಿಗ್ರಿಗಳ ಟಾಲರೆನ್ಸ್ ಮೇಲೆ.

ಕೆನೆಯ ಕೆಲಸ ಇಲ್ಲಿದೆ. ಅದರ ಕೊಬ್ಬಿನ ಹನಿಗಳು ಪ್ರೋಟೀನ್ ಬಲೆಯ ನಡುವೆ ಅಡ್ಡ ನಿಂತು ಅದು ತೀರಾ ಬಿಗಿಯಾಗದಂತೆ ತಡೀತವೆ. ಕೆನೆ ಬದಲು ಬರೀ ಹಾಲು ಹಾಕಿದರೆ ಗಟ್ಟಿಯಾಗುತ್ತೆ, ಆದರೆ ಆಮ್ಲೆಟ್ ಕಡೆಗೆ ವಾಲುತ್ತೆ. ಇದರ ಮೇಲೆ ಚೀಸ್ ತುರಿದು ಸುರಿದರೆ ಏನಾಗುತ್ತೆ? ಹೊಗೆಮಾಂಸದಲ್ಲಿ ಉಪ್ಪಿದೆ, ಚೀಸ್‌ನಲ್ಲೂ ಉಪ್ಪಿದೆ, ಎರಡೂ ಸೇರಿ ಕೆನೆಯ ಸಣ್ಣ ಹುಳಿಯನ್ನು ತುಳಿದುಹಾಕ್ತವೆ. ಚೀಸ್‌ನ ಕೊಬ್ಬು ಕರಗಿ ಎಣ್ಣೆಯಾಗಿ ಬೇರೆಯಾಗುತ್ತೆ. ತಿನ್ನೋವಾಗ ನಾಲಿಗೆಗೆ ಮೊದಲು ಸಿಗೋದು ಚೀಸ್, ಕೊನೆಗೆ ಉಳಿಯೋದೂ ಚೀಸ್. ಹೊಗೆ ಎಲ್ಲೋ ಹಿಂದಿನ ಬೆಂಚಿನಲ್ಲಿ ಕೂತಿರುತ್ತೆ. ಪಾಲಕ್, ಅಣಬೆಯದು ಇನ್ನೊಂದು ಸಮಸ್ಯೆ. ಎರಡರಲ್ಲೂ ಹತ್ತರಲ್ಲಿ ಒಂಬತ್ತು ಪಾಲು ನೀರು. ಮೊದಲೇ ಬಾಡಿಸಿ ಹಿಂಡದಿದ್ದರೆ ಆ ನೀರೆಲ್ಲ ತಳಕ್ಕಿಳಿದು ಹಿಟ್ಟು ಮೆತ್ತಗಾಗಿ ಕೂರುತ್ತೆ.

ತಳದ್ದೂ ಒಂದು ಲೆಕ್ಕ. ಎರಡು ಪಾಲು ಮೈದಾ, ಒಂದು ಪಾಲು ತಣ್ಣನೆ ಬೆಣ್ಣೆ, ಕೂಡಿಕೊಳ್ಳುವಷ್ಟೇ ನೀರು. ಬೆಣ್ಣೆ ಹಿಟ್ಟಿನ ಕಣಗಳಿಗೆ ಕೋಟಿಂಗ್ ಥರ ಕೂತು ನೀರು ತಾಗದಂತೆ ಮಾಡುತ್ತೆ, ಗ್ಲೂಟೆನ್ ಬೆಳೆಯಲ್ಲ, ಅದಕ್ಕೇ ಬೆಂದಮೇಲೆ ಮುರುಮುರು. ನಾದಬಾರದು. ಚಪಾತಿ ಹಿಟ್ಟು ನಾದಿದಂಗೆ ನಾದಿದರೆ ಕೆಟ್ಟಿತು. ಹಸಿ ಮಿಶ್ರಣ ಸುರಿಯೋ ಮುಂಚೆ ತಳವನ್ನು ಖಾಲಿಯಾಗಿಯೇ ಒಮ್ಮೆ ಬೇಯಿಸ್ಬೇಕು. ಉಬ್ಬದಿರಲಿ ಅಂತ ಮೇಲೆ ಕಾಗದ ಹಾಸಿ ಒಣ ಕಾಳು ಹೇರ್ತಾರೆ. ರಾಜ್ಮಾ ನಡೆಯುತ್ತೆ.

ಇಷ್ಟು ಹೇಳಿದ ಮೇಲೆ ಶುದ್ಧತೆಯ ಪಕ್ಷದವರು ನಮ್ಮ ಬೆನ್ನು ತಟ್ಟೋಕೆ ಬರಬಹುದು. ಸ್ವಲ್ಪ ನಿಲ್ಲಿ. ‘ಅಸಲಿ ಮಾತ್ರ ತಿನ್ನಬೇಕು’ ಅನ್ನೋರಿಗೆ ನಮ್ಮದೊಂದು ಪ್ರಶ್ನೆ: ಯಾವ ಅಸಲಿ? ಬ್ರೆಡ್ ಹಿಟ್ಟಿನದೋ, ಬೆಣ್ಣೆಹಿಟ್ಟಿನದೋ? 1605ರ ಅಡುಗೆಯವರು ಇವತ್ತು ನಾನ್ಸಿಯ ಬೇಕರಿಗೆ ಬಂದರೆ ತಳ ನೋಡಿ ‘ಇದು ನಮ್ಮದಲ್ಲ’ ಅಂದಾರು. ಹಾಗಾಗಿ ಒಂದು ಕಾಲದಲ್ಲಿ ಹೀಗಿತ್ತು ಅನ್ನೋದೊಂದೇ ಕಾರಣ ಸಾಕಾಗಲ್ಲ. ತಿಂಡಿ ಬದಲಾಗಿದೆ, ಲೊರೇನ್‌ನವರೇ ಬದಲಿಸಿದ್ದಾರೆ. ನಮ್ಮ ವಾದ ಬೇರೆ. ತಿನ್ನೋ ಜನ ತಾವೇ ತಲೆಮಾರುಗಳ ಕಾಲ ನಿಧಾನವಾಗಿ ಮಾಡಿಕೊಂಡ ಬದಲಾವಣೆ ಒಂದು ಬಗೆ. ಹೊರಗಿನವರು ಹೆಸರಿನ ಗಿರಾಕಿ ನೋಡಿ ಒಳಗಿನ ಸಾಮಾನು ಬದಲಿಸೋದು ಇನ್ನೊಂದು ಬಗೆ. ಎರಡರ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆಯೋಕಾಗಲ್ಲ, ಒಪ್ತೀವಿ. ಫ್ರಾನ್ಸಿನ ಸೂಪರ್ ಮಾರ್ಕೆಟ್‌ಗಳಲ್ಲೇ ಎಮೆಂತಾಲ್ ಚೀಸ್ ಹಾಕಿದ ‘ಕೀಶ್ ಲೊರೇನ್’ ಪೊಟ್ಟಣಗಳು ಧಾರಾಳವಾಗಿ ಮಾರಾಟವಾಗ್ತವೆ. ಆದರೆ ಗೆರೆ ಮಸುಕಾಗಿದೆ ಅಂದ್ರೆ ಗೆರೆಯೇ ಇಲ್ಲ ಅಂತಲ್ಲ.

ಹೆಸರು ಬದಲಿಸೋದು ಕಷ್ಟದ ಕೆಲಸವೂ ಅಲ್ಲ. ಫ್ರಾನ್ಸಿನಲ್ಲೇ ಆ ರೂಢಿ ಇದೆ: ಈರುಳ್ಳಿ ಹಾಕಿದರೆ ‘ಅಲ್ಸಾಸ್ ಕೀಶ್’, ಚೀಸ್ ಹಾಕಿದರೆ ‘ವೋಜ್ ಕೀಶ್’. ಅಮೆರಿಕನ್ನರಿಗೆ ಫ್ರೆಂಚ್ ಅಡುಗೆ ಕಲಿಸಿದ ಪುಸ್ತಕ, ಜೂಲಿಯಾ ಚೈಲ್ಡ್ ಇನ್ನಿಬ್ಬರ ಜೊತೆ ಸೇರಿ 1961ರಲ್ಲಿ ತಂದದ್ದು, ಕೀಶ್ ಲೊರೇನ್‌ಗೆ ಚೀಸ್ ಹಾಕೋದಿಲ್ಲ. ಗ್ರುಯೇರ್ ಚೀಸ್ ಹಾಕಿದ್ದಕ್ಕೆ ಅಲ್ಲಿ ಬೇರೆ ಹೆಸರು, ಬೇರೆ ವಿಧಾನ. 2023ರಲ್ಲಿ ಬ್ರಿಟನ್ನಿನ ದೊರೆ ಮೂರನೇ ಚಾರ್ಲ್ಸ್ (ಹೆಸರು, ನಂಬರ್ ಎರಡೂ ಆ ಲೊರೇನ್ ಡ್ಯೂಕನದೇ!) ಪಟ್ಟಕ್ಕೇರಿದಾಗ ಅರಮನೆಯವರು ಪಾಲಕ್, ಅವರೆಯ ಜಾತಿಯ ಒಂದು ಕಾಳು, ಟ್ಯಾರಗನ್ ಸೊಪ್ಪು, ಚೆಡ್ಡಾರ್ ಚೀಸ್ ಹಾಕಿದ ಕೀಶ್ ಒಂದನ್ನು ಪಟ್ಟಾಭಿಷೇಕದ ತಿಂಡಿ ಅಂತ ಸಾರಿದರು. ನಮಗೆ ಆ ಪಾಕವಿಧಾನ ಓದೋಕೇ ಬೇಸರ. ಆದರೆ ಅದನ್ನು ‘ಕರೋನೇಷನ್ ಕೀಶ್’ ಅಂದರು, ‘ಲೊರೇನ್’ ಅನ್ನಲಿಲ್ಲ. ನಿಯತ್ತಿನ ಕೆಲಸ.

ಹೆಸರಿಗೆ ಇಷ್ಟು ಜಗ್ಗಾಡಬೇಕಾ ಅಂದರೆ, ಒಂದು ಸನ್ನಿವೇಶ ಯೋಚಿಸಿ. ನಮ್ಮ ಕ್ಯಾಂಪಸ್ಸಿನಿಂದ ವರ್ಷವರ್ಷ ಒಂದಿಷ್ಟು ಜನ ಯುರೋಪಿಗೆ ಎಂ.ಎಸ್., ಇಂಟರ್ನ್‌ಶಿಪ್ ಅಂತ ಹೋಗ್ತಾರೆ. ಅವರಲ್ಲಿ ಹಂದಿಮಾಂಸ ತಿನ್ನದವರಿದ್ದಾರೆ, ಯಾವ ಮಾಂಸವನ್ನೂ ತಿನ್ನದವರಿದ್ದಾರೆ. ಬೆಂಗಳೂರಿನಲ್ಲಿ ‘ಕೀಶ್ ಲೊರೇನ್’ ಅಂದ್ರೆ ಪಾಲಕ್-ಚೀಸ್ ಅಂತ ಕಲಿತ ಹುಡುಗಿ ಪ್ಯಾರಿಸ್ಸಿನ ಬೇಕರಿಯಲ್ಲಿ, ಹಸಿದು, ಭಾಷೆ ಬರದೆ, ಪರಿಚಯದ ಹೆಸರು ಕಂಡು ಖುಷಿಯಾಗಿ ಅದನ್ನೇ ಕೇಳ್ತಾಳೆ. ನಮ್ಮ ಪೊಟ್ಟಣಗಳ ಮೇಲಿರೋ ಹಸಿರು ಗುರುತು ಅಲ್ಲಿ ಇರೋದಿಲ್ಲ. ಅವಳಿಗಿದ್ದ ಒಂದೇ ಮಾಹಿತಿ ಆ ಹೆಸರು. ಆ ಹೆಸರಿಗೆ ಇಲ್ಲಿ ಸುಳ್ಳು ಅರ್ಥ ಕೊಟ್ಟವರು ಅವಳ ಬಾಯಿಗೆ ಹಂದಿಮಾಂಸ ಹಾಕಿದಂತೆ. ಕೋಡ್ ಬರೆಯೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫಂಕ್ಷನ್ ಹೆಸರು ಹಾಗೇ ಇಟ್ಟು ಒಳಗೆ ಮಾಡೋ ಕೆಲಸ ಬದಲಿಸಿದರೆ, ಬೇರೆ ಯಾರದೋ ಪ್ರಾಜೆಕ್ಟ್ ಡೆಮೊ ದಿನವೇ ಕುಸಿಯುತ್ತೆ.

ಚೀಸ್ ಇದ್ದರೆ ಸಸ್ಯಾಹಾರ ಅನ್ನೋ ಭರವಸೆಯೂ ಬೇಡ ಮಾರಾಯ್ರೆ. ಗ್ರುಯೇರ್‌ನಂಥ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಿಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ.

ಇನ್ನು ಬೈಗುಳದ ಕಥೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಕೀಶ್ ಜ್ವರ ಹತ್ತಿತ್ತು. ಬ್ರಂಚ್ ಅಂದ್ರೆ ಕೀಶ್, ಪಾರ್ಟಿ ಅಂದ್ರೆ ಕೀಶ್. 1982ರಲ್ಲಿ ಬ್ರೂಸ್ ಫೈರ್‌ಸ್ಟೀನ್ ಎಂಬಾತ ‘ರಿಯಲ್ ಮೆನ್ ಡೋಂಟ್ ಈಟ್ ಕೀಶ್’ ಅನ್ನೋ ಹಾಸ್ಯದ ಪುಸ್ತಕ ಬರೆದ. ನಿಜವಾದ ಗಂಡಸರು ಕೀಶ್ ತಿನ್ನಲ್ಲ ಅಂತ ಅರ್ಥ. ಗಂಡಸುತನದ ಜಂಬವನ್ನೇ ಗೇಲಿ ಮಾಡಿದ ಪುಸ್ತಕ ಅದು, ಭರ್ಜರಿ ಮಾರಾಟವಾಯ್ತು. ಮರುವರ್ಷ, 1983ರ ಜುಲೈಯಲ್ಲಿ, ‘ಡೇಟಾಮೇಷನ್’ ಪತ್ರಿಕೆಯಲ್ಲಿ ಎಡ್ ಪೋಸ್ಟ್ ಎಂಬಾತನ ಬರಹ ಬಂತು, ‘ರಿಯಲ್ ಪ್ರೋಗ್ರಾಮರ್ಸ್ ಡೋಂಟ್ ಯೂಸ್ ಪ್ಯಾಸ್ಕಲ್’. ನಿಜವಾದ ಪ್ರೋಗ್ರಾಮರ್ ಫೋರ್‌ಟ್ರಾನ್‌ನಲ್ಲಿ ಬರೀತಾನೆ, ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಅಂತೆಲ್ಲ ಮಾತಾಡೋ ಪ್ಯಾಸ್ಕಲ್ ಮಂದಿ ಬರೀ ‘ಕೀಶ್ ತಿನ್ನೋರು’ ಅಂತ. ಅದೂ ತಮಾಷೆಯೇ. ಆ ತಮಾಷೆಗೆ ಉತ್ತರವಾಗಿ ಹುಟ್ಟಿದ್ದೇ ಡ್ರಮ್ ಮೆಮೊರಿಯ ಮೇಲೆ ನೇರ ಮಷೀನ್ ಕೋಡ್ ಬರೀತಿದ್ದ ಮೆಲ್‌ನ ಪ್ರಸಿದ್ಧ ಕಥೆ. ಓದಿಲ್ಲದವರು ಹುಡುಕಿ ಓದಿ. ‘ಕೀಶ್ ಈಟರ್’ ಅನ್ನೋ ಪದ ಹ್ಯಾಕರ್‌ಗಳ ಮಾತಿಗೂ ಸೇರಿತು.

ವಿಚಿತ್ರ ನೋಡಿ. ಹಂದಿಕೊಬ್ಬು, ಮೊಟ್ಟೆ, ಕೆನೆ, ಬ್ರೆಡ್ ಹಿಟ್ಟು ಇವಿಷ್ಟನ್ನೇ ಇಟ್ಟುಕೊಂಡು ಹೊಲಕ್ಕೆ ಹೋಗೋರ ಹೊಟ್ಟೆ ತುಂಬಿಸ್ತಿದ್ದ ಹಳ್ಳಿ ತಿಂಡಿ ‘ನಾಜೂಕಿನವರು ತಿನ್ನೋದು’ ಅನ್ನಿಸಿಕೊಂಡಿತು. ತಿಂಡಿಯ ಒಳಗಿರೋದು ಬೈದವರಿಗೆ ಬೇಕೇ ಇರಲಿಲ್ಲ, ಫ್ರೆಂಚ್ ಹೆಸರು ಸಾಕಾಯ್ತು.

ತಮಾಷೆಯಾಗಿ ಹುಟ್ಟಿದ ಆ ಮಾತು ನಮ್ಮ ಕಾರಿಡಾರುಗಳಲ್ಲಿ ಗಂಭೀರವಾಗಿಯೇ ಓಡಾಡ್ತಿದೆ. ಆಟೊಕಂಪ್ಲೀಟ್ ಬಳಸೋನು ಪ್ರೋಗ್ರಾಮರ್ರೇ ಅಲ್ಲ. ಪೈಥಾನ್ ಭಾಷೆಯೇ ಅಲ್ಲ. ಸಾಫ್ಟ್‌ವೇರ್‌ಗೆ ಹೋದ ಮೆಕ್ಯಾನಿಕಲ್ ಹುಡುಗ ಇಂಜಿನಿಯರ್ರೇ ಅಲ್ಲ. ವರ್ಕ್‌ಶಾಪಿನಲ್ಲಿ ಹುಡುಗಿಯರ ಕೈಗೆ ಫೈಲ್ ಕೊಡುವಾಗ ಬರೋ ಆ ಸಣ್ಣ ನಗು, ಅದನ್ನು ಇಲ್ಲಿ ಬಿಡಿಸಿ ಬರೆಯಬೇಕಿಲ್ಲ, ಕಂಡವರಿಗೆ ಗೊತ್ತು. ನಮ್ಮ ಕನ್ನಡ ಬಳಗವೂ ಇದಕ್ಕೆ ಹೊರತಲ್ಲ. ಕಲಬುರಗಿಯ ಕಡೆಯ ಫಸ್ಟ್ ಇಯರ್ ಹುಡುಗ ಮೈಕ್ ಹಿಡಿದರೆ ‘ಸರಿಯಾದ ಕನ್ನಡ ಮಾತಾಡೋ’ ಅಂತ ಹಿಂದಿನ ಸಾಲಿನಿಂದ ಬರೋ ಕೂಗು ಯಾವ ಜಾತಿಯದು? ‘ನಿಜವಾದ ಗಂಡಸರು ಕೀಶ್ ತಿನ್ನಲ್ಲ’ ಅನ್ನೋ ಜಾತಿಯದೇ, ತಮಾಷೆಯನ್ನು ಕಳೆದು.

ಈಗ ಯಾರಾದರೂ ನಮ್ಮನ್ನೇ ಹಿಡೀಬಹುದು: ‘ಚೀಸ್ ಹಾಕಿದ್ದು ಲೊರೇನ್ ಅಲ್ಲ ಅಂತ ಅರ್ಧ ಲೇಖನ ಬರೆದು ಈಗ ಅಸಲಿ-ನಕಲಿ ಬೇಡ ಅಂತೀರಲ್ಲ?’ ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರ ಇದು: ಚೀಟಿಗೆ ಸ್ಪೆಸಿಫಿಕೇಷನ್ ಇರಲಿ, ಚೀಟಿ ಓದೋರಿಗೆ ಬೇಡ. ಇದರಲ್ಲಿ ಇಷ್ಟಿದೆ, ಇಷ್ಟಿಲ್ಲ ಅಂತ ಹೇಳೋ ಹೆಸರು ತಿನ್ನೋರಿಗೆ ಉಪಕಾರ ಮಾಡುತ್ತೆ. ತಿನ್ನಬೇಕೋ ಬೇಡವೋ ಅವರೇ ನೋಡ್ಕೊಳ್ತಾರೆ. ಇದನ್ನು ತಿನ್ನೋನು ನಮ್ಮವನು, ಅದನ್ನು ತಿನ್ನೋನು ಅಲ್ಲ ಅನ್ನೋದು ಯಾರಿಗೂ ಯಾವ ಮಾಹಿತಿಯನ್ನೂ ಕೊಡಲ್ಲ, ಬಾಗಿಲು ಮುಚ್ಚುತ್ತೆ, ಅಷ್ಟೇ. ಮೊದಲನೇದು ಡೇಟಾಶೀಟ್, ಎರಡನೇದು ರ‍್ಯಾಗಿಂಗ್. ಪಾಲಕ್ ಕೀಶ್ ತಿನ್ನೋ ಗೆಳತಿ ನಮಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಕೀಶ್ ತಿಂದವಳಲ್ಲ. ಅವಳು ತಿಂದದ್ದು ಪಾಲಕ್ ಕೀಶ್, ಅದಕ್ಕೆ ಹಾಗಂತಲೇ ಹೆಸರಿರಲಿ ಅನ್ನೋದಷ್ಟೇ ನಮ್ಮ ಬೇಡಿಕೆ.

ನಮ್ಮ ಸಂಪಾದಕ ಬಳಗದಲ್ಲೇ ಇದಕ್ಕೆ ಪೂರ್ತಿ ಒಮ್ಮತವಿಲ್ಲ. ಇಬ್ಬರು ಚೀಸ್ ಪಕ್ಷ. ಜನ ಹೇಗೆ ಕರೀತಾರೋ ಅದೇ ಹೆಸರು, ಭಾಷೆ ಹಾಗೇ ನಡೆಯೋದು ಅಂತ ಅವರ ವಾದ. ‘ಕೂಖೆನ್’ ‘ಕೀಶ್’ ಆದಾಗ ಯಾರೂ ತಡೀಲಿಲ್ಲವಲ್ಲ ಅಂತ ಅವರು ಕೇಳಿದ್ದಕ್ಕೆ ಉಳಿದವರು ಚಹಾ ಆರೋ ತನಕ ಸುಮ್ಮನಿದ್ದರು. ನಮ್ಮ ಅಭಿಪ್ರಾಯದಲ್ಲಿ ಉಚ್ಚಾರ ಸವೆಯೋದು ಬೇರೆ, ಹಂದಿಮಾಂಸ ಇದೆಯೋ ಇಲ್ಲವೋ ಅನ್ನೋ ವಿಷಯ ಸವೆಯೋದು ಬೇರೆ. ಅವರು ಇನ್ನೂ ಒಪ್ಪಿಲ್ಲ, ಮುಂದಿನ ಸಂಚಿಕೆಯಲ್ಲಿ ಉತ್ತರ ಬರೀತಾರಂತೆ. ಬರೀಲಿ.

ರಜೆಯಲ್ಲಿ ಮನೆಯ ಓವನ್ ಕೈಗೆ ಸಿಗೋರಿಗೆ, ಮಾಂಸ ತಿನ್ನೋರಿಗೆ, ಅಳತೆ ಇಲ್ಲಿದೆ: ತಳಕ್ಕೆ 250 ಗ್ರಾಂ ಮೈದಾ, 125 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು, ತಣ್ಣೀರು. ಕಲಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಲಟ್ಟಿಸಿ, ಕಾಳು ಹೇರಿ ಹದಿನೈದು ನಿಮಿಷ ಬೇಯಿಸಿ. ಒಳಗೆ 200 ಗ್ರಾಂ ಹೊಗೆ ಹಾಕಿದ ಹಂದಿಮಾಂಸದ ಚೂರು ಬಾಣಲೆಯಲ್ಲಿ ಸಣ್ಣಗೆ ಹುರಿದದ್ದು, 3 ಮೊಟ್ಟೆ, 250 ಮಿಲಿಲೀಟರ್ ಗಟ್ಟಿ ಕೆನೆ, ಮೆಣಸು. ಮಾಂಸದಲ್ಲೇ ಉಪ್ಪಿರುತ್ತೆ, ರುಚಿ ನೋಡದೆ ಮತ್ತೆ ಹಾಕಬೇಡಿ. ಮಾಂಸ ತಿನ್ನದೆ ಮೊಟ್ಟೆ ತಿನ್ನೋರು ಅದರ ಬದಲು ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕಂದಾಗೋ ತನಕ ಬಾಡಿಸಿ ಹಾಕ್ಕೊಳ್ಳಿ, ಈರುಳ್ಳಿ ಕೀಶ್ ಅನ್ನಿ. 180 ಡಿಗ್ರಿಯಲ್ಲಿ ಸುಮಾರು ಅರ್ಧ ಗಂಟೆ. ತಟ್ಟೆ ಅಲ್ಲಾಡಿಸಿದರೆ ಅಂಚು ಗಟ್ಟಿಯಾಗಿ, ನಡುಭಾಗ ಮಾತ್ರ ಇನ್ನೂ ತುಸು ನಡುಗ್ತಿರುವಾಗಲೇ ಹೊರಗೆ ತೆಗೀರಿ, ಉಳಿದದ್ದು ಒಳಗಿನ ಬಿಸಿಯಲ್ಲೇ ಬೇಯುತ್ತೆ. ಹತ್ತು ಹದಿನೈದು ನಿಮಿಷ ಬಿಟ್ಟು ಕತ್ತರಿಸಿ. ಬಿಸಿಬಿಸಿ ಇರುವಾಗಲೇ ಚಾಕು ಹಾಕಿದರೆ ಹರಿದುಹೋಗುತ್ತೆ.